ಅಪ್ಪನ ಕೀಲಿ, ನಮ್ಮ ಮನೆಯ ಇಂಗುಬಾವಿ

ನಮ್ಮ ಮನೆಯ ಮುಂಬಾಗಿಲ ಹಿಂದೆ ಒಂದು ಕಬ್ಬಿಣದ ಸಲಾಕೆ ನಿಂತಿದೆ. ನಾಲ್ಕೂವರೆ ಅಡಿ ಉದ್ದ. ಮೇಲೆ ಅಡ್ಡ ಹಿಡಿ, ಕೆಳಗೆ ಚೌಕದ ಬಾಯಿ. ರಸ್ತೆಯಲ್ಲಿರುವ ನೀರಿನ ವಾಲ್ವ್ ತಿರುಗಿಸುವ ಕೀಲಿ ಅದು. ಕೈ ಹಿಡಿದು ಹಿಡಿದು ಹಿಡಿಯ ಎರಡೂ ಕಡೆ ಕನ್ನಡಿಯ ಹಾಗೆ ಹೊಳೆಯುತ್ತೆ. ಅಪ್ಪ ಅದನ್ನು ತಮ್ಮ ದುಡ್ಡಲ್ಲೇ ಕುಲುಮೆಯಲ್ಲಿ ಮಾಡಿಸಿಕೊಂಡಿದ್ದು. ಕೆಲಸದ ಕೀಲಿ ಭಾರ ಜಾಸ್ತಿ, ತೋಳು ಹಿಡಿದುಕೊಳ್ಳುತ್ತೆ ಅಂತ.

ಅಪ್ಪ ಬೆಂಗಳೂರು ಜಲಮಂಡಳಿಯಲ್ಲಿ ವಾಲ್ವ್‌ಮ್ಯಾನ್ ಆಗಿದ್ದರು. 1975ರಲ್ಲಿ ಸೇರಿದ್ದು, ಅಂದರೆ ಕಾವೇರಿ ನೀರು ಮೊದಲ ಸಲ ಊರಿಗೆ ಬಂದ ಮರುವರ್ಷ. 2008ರಲ್ಲಿ ನಿವೃತ್ತಿ. ರಸ್ತೆಯಲ್ಲಿ ಅವರಿಗೆ ಯಾರೂ ಹೆಸರು ಹಿಡಿದು ಕರೀತಿರಲಿಲ್ಲ. "ನೀರು ಬಿಡೋರು" ಅನ್ನೋದೇ ಅವರ ಹೆಸರು. ರಾತ್ರಿ ಎರಡು ಗಂಟೆಗೆ ಎದ್ದು ಸೈಕಲ್ ಹತ್ತಿ ಹೋಗೋರು. ಒಂದು ಏರಿಯಾಗೆ ಬಿಟ್ಟು, ಇನ್ನೊಂದನ್ನು ಮುಚ್ಚಿ, ಬೆಳಕು ಹರಿಯುವಷ್ಟರಲ್ಲಿ ವಾಪಸ್. ಯಾವ ಅಡ್ಡರಸ್ತೆ ತಗ್ಗಿನಲ್ಲಿದೆ, ಯಾವುದಕ್ಕೆ ಪ್ರೆಷರ್ ಸಾಲಲ್ಲ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಎಲ್ಲಾ ಅವರ ತಲೆಯಲ್ಲಿತ್ತು.

ಚಿಕ್ಕವಳಿದ್ದಾಗ ಒಂದೆರಡು ಸಲ ನಾನೂ ಸೈಕಲ್ ಹಿಂದೆ ಕೂತು ಹೋಗಿದ್ದೆ. ಎಲ್ಲೋ ಪೈಪ್ ಒಡೆದಿದೆ, ಎಲ್ಲಿ ಅಂತ ಗೊತ್ತಿಲ್ಲ. ಅಪ್ಪ ಕೀಲಿಯ ಒಂದು ತುದಿಯನ್ನು ರಸ್ತೆಗೆ ಊರಿ, ಇನ್ನೊಂದು ತುದಿಗೆ ಕಿವಿ ಕೊಟ್ಟು ನಿಲ್ಲುತ್ತಿದ್ದರು. ಹತ್ತು ಹೆಜ್ಜೆ ನಡೆದು ಮತ್ತೆ ಕಿವಿ. ನನ್ನ ಕಿವಿಗೂ ಹಿಡಿಸಿದರು. ಮೊದಲು ಏನೂ ಇಲ್ಲ. ಆಮೇಲೆ ಮೆಲ್ಲಗೆ, ದೂರದಲ್ಲಿ ಯಾರೋ ಅಕ್ಕಿ ಕೇರುತ್ತಿರುವ ಹಾಗೆ ಒಂದು ಸದ್ದು. "ಅದೇ ನೋಡು ನೀರು ಸೋರೋ ಸದ್ದು," ಅಂದರು. ಮಾರನೇ ದಿನ ಅಲ್ಲೇ ಅಗೆದಾಗ ಪೈಪ್ ಒಡೆದಿತ್ತು.

ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ ಅಂದರೆ, 2024ರ ಮೇ ತಿಂಗಳಲ್ಲಿ ನಾವು ಮನೆ ಮುಂದೆ ಒಂದು ಇಂಗುಬಾವಿ ತೆಗೆಸಿದೆವು. ಮಳೆ ನೀರನ್ನು ಭೂಮಿಗೆ ಇಳಿಸುವ ಬಾವಿ. ಅದಾದ ಮೇಲೆ ತುಂಬಾ ಜನ ಕೇಳಿದ್ದಾರೆ. ಒಬ್ಬೊಬ್ಬರಿಗೆ ಫೋನಲ್ಲಿ ಹೇಳೋ ಬದಲು ಒಂದೇ ಕಡೆ ಬರೆದಿಡೋಣ ಅನ್ನಿಸಿತು.

ನಮ್ಮದು ನಾಗರಬಾವಿ ಹತ್ತಿರ 30x40 ಸೈಟು. ಏರಿಯಾದ ಹೆಸರಲ್ಲೇ ಬಾವಿ ಇದೆ, ಆದರೆ ಸುತ್ತ ಎಲ್ಲೂ ಬಾವಿ ಕಾಣಲ್ಲ. 1996ರಲ್ಲಿ ಅಪ್ಪ ಸಾಲ ಮಾಡಿ ಕೆಳಗಿನ ಮನೆ ಕಟ್ಟಿದರು. ಮೇಲಿನದನ್ನು ನಮ್ಮ ಮದುವೆಯಾದ ಮೇಲೆ ನಮ್ಮ ಮನೆಯವರು ಮತ್ತು ನಾನು ಸೇರಿ ಕಟ್ಟಿಸಿದೆವು. ಕಾವೇರಿ ನೀರು ದಿನ ಬಿಟ್ಟು ದಿನ. ಜೊತೆಗೆ 2003ರಲ್ಲಿ ಕೊರೆಸಿದ ಬೋರ್‌ವೆಲ್. ಕುಡಿಯೋಕೆ ಕಾವೇರಿ, ಬಳಸೋಕೆ ಬೋರು. ಇಪ್ಪತ್ತು ವರ್ಷ ಹೀಗೇ ನಡೀತು.

2024ರ ಫೆಬ್ರವರಿಯಲ್ಲಿ ಬೋರು ಕೆಮ್ಮೋಕೆ ಶುರು ಮಾಡಿತು. ಮೋಟರ್ ಹಾಕಿದರೆ ಎರಡು ಬಕೆಟ್ ಕೆಂಪು ನೀರು, ಆಮೇಲೆ ಬರೀ ಗಾಳಿ. ಮಾರ್ಚ್ ಹೊತ್ತಿಗೆ ಅದೂ ನಿಂತಿತು. ಆ ಬೇಸಿಗೆ ನೆನಪಿದೆ ಅಲ್ವಾ? ನಗರದ ಸರ್ಕಾರಿ ಕೊಳವೆ ಬಾವಿಗಳಲ್ಲಿ ಸುಮಾರು ಅರ್ಧದಷ್ಟು ಬತ್ತಿವೆ ಅಂತ ಸರ್ಕಾರವೇ ಹೇಳಿತು. ಕುಡಿಯುವ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ, ಮನೆ ಕಟ್ಟೋಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ಹೋಟೆಲ್, ಮಾಲ್, ಅಪಾರ್ಟ್‌ಮೆಂಟ್‌ಗಳ ನಲ್ಲಿಗೆ ನೀರು ಕಮ್ಮಿ ಬೀಳೋ ಹಾಗೆ ಮಾಡುವ ಏರೇಟರ್ ಕಡ್ಡಾಯ ಮಾಡಿತು. ಟ್ಯಾಂಕರ್‌ಗೆ ದರ ಕಟ್ಟಿದರು. 6,000 ಲೀಟರ್‌ಗೆ ಐದು ಕಿಲೋಮೀಟರ್ ಒಳಗಾದರೆ 600 ರೂಪಾಯಿ ಅಂತ. ನಮ್ಮ ರಸ್ತೆಗೆ ಬರುತ್ತಿದ್ದ ಟ್ಯಾಂಕರ್‌ನವರು ಆ ದರ ಕೇಳಿ ಫೋನ್ ಇಟ್ಟುಬಿಟ್ಟರು. ಎರಡು ದಿನ ಬಿಟ್ಟು 1,800 ಕೊಟ್ಟೇ ಹಾಕಿಸಿಕೊಂಡೆವು.

ಟ್ಯಾಂಕರ್ ಬಂದಾಗ ಅಪ್ಪ ಹೊರಗೆ ಬಂದು ನಿಂತರು. ನೆಲದೊಳಗಿನ ನೀರಿನ ತೊಟ್ಟಿ, ಅಂದರೆ ಸಂಪಿನೊಳಕ್ಕೆ ಪೈಪ್ ಬಿಟ್ಟಿದ್ದರು. ಮೂವತ್ಮೂರು ವರ್ಷ ಊರಿಗೆ ನೀರು ಬಿಟ್ಟವರು. ತಮ್ಮ ಮನೆ ಸಂಪಿಗೆ ದುಡ್ಡು ಕೊಟ್ಟು ನೀರು ತುಂಬಿಸೋದನ್ನ ನೋಡ್ತಾ ನಿಂತಿದ್ದರು. ಏನೂ ಮಾತಾಡಲಿಲ್ಲ. ಆವತ್ತು ಮಧ್ಯಾಹ್ನ ಊಟಾನೂ ಸರಿಯಾಗಿ ಮಾಡಲಿಲ್ಲ.

ಈ ಊರಿನ ನೀರಿನ ಕಥೆ ಅಪ್ಪನ ಬಾಯಲ್ಲಿ ಕೇಳಬೇಕು. 1896ರಲ್ಲಿ ಹೆಸರಘಟ್ಟದಿಂದ ನೀರು ತಂದರು. ಅದು ಸಾಲಲಿಲ್ಲ, 1933ಕ್ಕೆ ತಿಪ್ಪಗೊಂಡನಹಳ್ಳಿ. ಎರಡೂ ಅರ್ಕಾವತಿಯದು. ಅದೂ ಸಾಲದೆ 1974ರಲ್ಲಿ ಕಾವೇರಿ. ಕಾವೇರಿ ಅಂದರೆ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್. ಬರೀ ದೂರ ಅಲ್ಲ, ಏರು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಮೂರು ಕಡೆ ಪಂಪ್ ಮಾಡಿ ಸುಮಾರು 500 ಮೀಟರ್ ಎತ್ತರಕ್ಕೆ ತಳ್ಳಬೇಕು. "ಒಂದು ಚೊಂಬು ನೀರು ಅಂದರೆ ಒಂದು ಚೊಂಬು ಕರೆಂಟು ಅಂತ ತಿಳ್ಕೋ," ಅಂತ ನಾವು ನಲ್ಲಿ ಬಿಟ್ಟು ಹಲ್ಲುಜ್ಜುವಾಗ ಬೈಯ್ಯೋರು. 2024ರ ಅಕ್ಟೋಬರ್ 16ಕ್ಕೆ ಐದನೇ ಹಂತವೂ ಉದ್ಘಾಟನೆ ಆಯಿತು. ದಿನಕ್ಕೆ 77.5 ಕೋಟಿ ಲೀಟರ್, ನಗರಕ್ಕೆ ಸೇರಿಸಿದ 110 ಹಳ್ಳಿಗಳಿಗೆ. ಅಪ್ಪ ಟಿವಿಯಲ್ಲಿ ನೋಡಿ ಖುಷಿಪಟ್ಟರು. ಆದರೆ ಅವರು ಕೇಳಿದ್ದು ಒಂದೇ. "ಇದೂ ಸಾಲದೇ ಹೋದಾಗ ಇನ್ಯಾವ ನದಿ ಇದೆ?"

ಬೇರೆ ನದಿ ಇಲ್ಲ. ಆದರೆ ಮಳೆ ಇದೆ.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. ನಾನು ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯೋಳು, ಲೆಕ್ಕ ಹಾಕದೆ ನನಗೆ ಯಾವುದೂ ಮನಸ್ಸಿಗೆ ಇಳಿಯಲ್ಲ. ಒಂದು ಚದರ ಮೀಟರ್ ತಾರಸಿ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ನಮ್ಮ ತಾರಸಿ 900 ಚದರ ಅಡಿ, ಅಂದರೆ 84 ಚದರ ಮೀಟರ್. ಗುಣಿಸಿದರೆ 81,000 ಲೀಟರ್ ದಾಟುತ್ತೆ. 6,000 ಲೀಟರ್‌ನ ಹದಿಮೂರು ಟ್ಯಾಂಕರ್. ಮೊದಲ ಸಲ ಇದನ್ನು ಕ್ಯಾಲ್ಕುಲೇಟರ್‌ನಲ್ಲಿ ನೋಡಿದಾಗ ನಂಬೋಕಾಗದೆ ಮತ್ತೆ ಹಾಕಿದೆ. ಅಷ್ಟೂ ನೀರು ಪ್ರತಿ ವರ್ಷ ನಮ್ಮ ತಲೆ ಮೇಲೇ ಬಿದ್ದು ಹೋಗ್ತಿತ್ತು.

ಎಲ್ಲಿಗೆ ಹೋಗ್ತಿತ್ತು? ಇದೇ ಅಪ್ಪನಿಗೆ ಬಹಳ ವರ್ಷ ಕಾಡಿದ ವಿಷಯ. ಮನೆ ಕಟ್ಟಿಸುವಾಗ ಅವರಿಗೆ ರಾತ್ರಿ ಪಾಳಿ. ಹಗಲು ನಿದ್ದೆ. ಪ್ಲಂಬರ್ ಬಂದವನು ತಾರಸಿಯ ಎರಡೂ ಪೈಪನ್ನು ಸುಲಭ ಅಂತ ಒಳಚರಂಡಿಯ ಛೇಂಬರ್‌ಗೆ ಕೊಟ್ಟು ಹೋಗಿದ್ದ. ಗಾರೆ ಹಾಕಿ, ಟೈಲ್ಸ್ ಮುಚ್ಚಿದ ಮೇಲೆ ಅಪ್ಪನಿಗೆ ಗೊತ್ತಾಗಿದ್ದು. ಒಳಚರಂಡಿಗೆ ಮಳೆ ನೀರು ಬಿಡಬಾರದು, ಅದು ನಿಯಮ. ಆ ಪೈಪ್ ಇರೋದು ಬಚ್ಚಲು, ಕಕ್ಕಸಿನ ನೀರಿಗೆ, ಅಷ್ಟಕ್ಕೇ ಅಳತೆ ಮಾಡಿ ಹಾಕಿರೋದು. ಜೋರು ಮಳೆಗೆ ಮ್ಯಾನ್‌ಹೋಲ್ ಉಕ್ಕಿ ರಸ್ತೆಗೆ ಗಲೀಜು ಬರೋದು ನೋಡಿದ್ದೀರಲ್ಲ? ಅದಕ್ಕೆ ದೊಡ್ಡ ಕಾರಣ ನಮ್ಮನಿಮ್ಮ ತಾರಸಿಯ ಪೈಪು. ಒಡೆಸಿ ಸರಿ ಮಾಡಿಸೋಕೆ ಆಗ ಕೈಯಲ್ಲಿ ದುಡ್ಡಿರಲಿಲ್ಲ. ಹಾಗೇ ಉಳೀತು. ಮಳೆ ಬಂದಾಗೆಲ್ಲ ಅಪ್ಪ ಕಿಟಕಿ ಹತ್ತಿರ ನಿಂತು ಮ್ಯಾನ್‌ಹೋಲನ್ನೇ ನೋಡ್ತಿದ್ದರು.

ಬೆಂಗಳೂರಿನಲ್ಲಿ ಮಳೆ ನೀರು ಹಿಡಿಯೋದಕ್ಕೆ ಕಾನೂನು 2009ರಿಂದಲೇ ಇದೆ. ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ತಂದು ಮಾಡಿದ್ದು. 60x40 ಅಥವಾ ಅದಕ್ಕಿಂತ ದೊಡ್ಡ ಸೈಟಿನ ಹಳೇ ಮನೆಗಳಿಗೆ, 30x40 ಮತ್ತು ಮೇಲ್ಪಟ್ಟ ಸೈಟಿನಲ್ಲಿ ಹೊಸದಾಗಿ ಕಟ್ಟುವ ಮನೆಗಳಿಗೆ ಕಡ್ಡಾಯ. ಮಾಡಿಸದಿದ್ದರೆ ಆಮೇಲೆ ದಂಡವನ್ನೂ ಹಾಕಿದರು. ಮನೆಗಳಿಗೆ ಮೊದಲ ಮೂರು ತಿಂಗಳು ಬಿಲ್ಲಿನ ಕಾಲು ಭಾಗ, ಆಮೇಲೆ ಅರ್ಧ. ಜಯನಗರ 5ನೇ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಅವರ ಹೆಸರಲ್ಲಿ ಒಂದು ಮಳೆನೀರು ಕೊಯ್ಲು ಪಾರ್ಕನ್ನೇ ಮಾಡಿದ್ದಾರೆ. ಹೋಗಿಲ್ಲದವರು ಒಂದು ಸಲ ಹೋಗಿ ಬನ್ನಿ. ಬೇರೆ ಬೇರೆ ಬಗೆಯ ಫಿಲ್ಟರ್, ಡ್ರಮ್, ಗುಂಡಿ ಎಲ್ಲಾ ಕಣ್ಣೆದುರಿಗೇ ಇಟ್ಟಿದ್ದಾರೆ. ಒಂದು ನಗರಕ್ಕೆ ಇಷ್ಟು ವರ್ಷಗಳ ಹಿಂದೆಯೇ ಇದು ಹೊಳೆದಿತ್ತು ಅನ್ನೋದು ನನಗೆ ಹೆಮ್ಮೆಯ ವಿಷಯ.

ಆದರೆ ಗಮನಿಸಿ, ನಮ್ಮ ಮನೆ 1996ರದು, 30x40. ನಮಗೆ ಈ ಕಾನೂನು ಅನ್ವಯಿಸಲ್ಲ. ನಮ್ಮ ರಸ್ತೆಯಲ್ಲಿ ಹೆಚ್ಚಿನ ಮನೆಗಳು ಇಂಥವೇ. ಮೂಲೆಯಲ್ಲಿ ಒಂದು 60x40 ಮನೆ ಇದೆ. ಆ ಆಂಟಿ ವರ್ಷಗಟ್ಟಲೆ ದಂಡ ಕಟ್ಟುತ್ತಿದ್ದರು. ಒಂದು ದಿನ ಕೇಳಿದೆ. "ಯಾರನ್ನ ಕರೀಬೇಕು, ಎಲ್ಲಿ ಅಗೀಬೇಕು, ಒಂದೂ ಗೊತ್ತಿಲ್ಲಮ್ಮ. ದಂಡ ಅಂದ್ರೆ ತಿಂಗಳಿಗೆ ನೂರೈವತ್ತು ರೂಪಾಯಿ. ಕಟ್ಟಿದ್ರೆ ಮುಗೀತು," ಅಂದರು. ಅವರು ಕೆಟ್ಟವರಲ್ಲ. ಜಿಪುಣರೂ ಅಲ್ಲ. ಅವರಿಗೆ ಯಾರೂ ಬಂದು ತೋರಿಸಿಕೊಟ್ಟಿಲ್ಲ, ಅಷ್ಟೆ.

ನನ್ನ ಅನಿಸಿಕೆ ಇದು. ಬಿಲ್ಲಿನಲ್ಲಿ ಒಂದು ಸಾಲು ಸೇರಿಸಿದರೆ ದಂಡ ಬರುತ್ತೆ, ನೀರು ಬರಲ್ಲ. ಬೇಕಿರೋದು ಅಪ್ಪನಂಥವರು. ರಸ್ತೆಗೆ ಒಬ್ಬರು, ಮನೆಮನೆ ಗೊತ್ತಿರೋರು, ಗೇಟು ತಟ್ಟಿ ಒಳಗೆ ಬಂದು "ನೋಡಿ, ಈ ಪೈಪನ್ನ ಇಲ್ಲಿ ತಿರುಗಿಸಿ, ಇಲ್ಲಿ ಅಗೆಸಿ" ಅಂತ ಹೇಳೋರು. ಆ ದಂಡದ ದುಡ್ಡಲ್ಲೇ ಅವರಿಗೆ ಸಂಬಳ ಕೊಡಬಹುದು. ಮತ್ತೆ ನಮ್ಮಂಥ ಸಣ್ಣ ಸೈಟಿನವರನ್ನು ಹೊರಗಿಡಬಾರದು. ದಂಡ ಹಾಕಿ ಅಂತ ಅಲ್ಲ. ಬಿಲ್ಲಿನಲ್ಲಿ ಸ್ವಲ್ಪ ಬಿಡಿ, ಬಾವಿಗೆ ಇಳಿಸೋ ಸಿಮೆಂಟ್ ರಿಂಗಿನ ಖರ್ಚಿನಲ್ಲಿ ಸ್ವಲ್ಪ ಕೊಡಿ. ಈ ಊರು ನಿಂತಿರೋದೇ 30x40, 20x30ಗಳ ಮೇಲೆ.

ಆದರೂ ಬೋರು ಬತ್ತೋ ತನಕ ನಾವೂ ಏನೂ ಮಾಡಿರಲಿಲ್ಲ. ಮಾಡಿಸಿದ್ದು ಮಾವ.

ನಮ್ಮ ಅಮ್ಮನ ತವರು ಕೋಲಾರದ ನರಸಾಪುರದ ಕಡೆ. ಚಿಕ್ಕಂದಿನಲ್ಲಿ ರಜೆಗೆ ಹೋದರೆ ಅಲ್ಲಿ ಕೆರೆ ಅಂದರೆ ನಾವು ಕ್ರಿಕೆಟ್ ಆಡೋ ಬಯಲು. ಜಾಲಿ ಗಿಡ, ಬಿರುಕು ಬಿಟ್ಟ ಮಣ್ಣು. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಅಲ್ಲಿಂದ ಕೆರೆ ತುಂಬಿ ಕೆರೆಗೆ ಹರಿದು ನರಸಾಪುರಕ್ಕೂ ಬಂತು. ಇದು ಬೆಂಗಳೂರಿನ ಬಚ್ಚಲ ನೀರೇ. ಕೋರಮಂಗಲ, ಚಲ್ಲಘಟ್ಟ ಕಣಿವೆಗಳಲ್ಲಿ ಹರಿದು ಬರೋದನ್ನು ಶುದ್ಧೀಕರಿಸಿ, ಪಂಪ್ ಮಾಡಿ ಕೋಲಾರದ ಕೆರೆಗಳಿಗೆ ಬಿಡ್ತಾರೆ. ಶುರುವಿನಲ್ಲೇ ನೊರೆ ಬಂತು, ಗಲಾಟೆ ಆಯಿತು, ಕೋರ್ಟಿಗೂ ಹೋಯಿತು. ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಅಂತ ಅಲ್ಲಿನ ಜನ ಕೇಳ್ತಿದ್ದಾರೆ. ಅವರು ಕೇಳೋದು ನ್ಯಾಯವಾಗಿಯೇ ಇದೆ. ನಾವು ಬಳಸಿ ಬಿಟ್ಟ ನೀರು ಅದು, ಕೊಡೋದಾದರೆ ಚೊಕ್ಕವಾಗಿ ಕೊಡಬೇಕು. ಆದರೂ ಒಂದು ಮಾತು ಸತ್ಯ. ಮಾವನ ತೋಟದ ಬತ್ತಿದ ಬೋರಿನಲ್ಲಿ ನೀರು ಬಂತು. ಕೆರೆಯಲ್ಲಿ ನೀರು ನಿಂತರೆ ಅದು ನೆಲಕ್ಕೆ ಇಳಿದು ಅಕ್ಕಪಕ್ಕದ ಬೋರುಗಳಲ್ಲಿ ನೀರು ಏರುತ್ತೆ ಅನ್ನೋದನ್ನು ನಾನು ಅಲ್ಲಿ ಕಣ್ಣಾರೆ ಕಂಡೆ.

2024ರ ಮಾರ್ಚ್‌ನಲ್ಲಿ ಮಾವ ಮದುವೆ ಕರೆಯೋಕೆ ಬಂದಿದ್ದರು. ಟ್ಯಾಂಕರ್ ನೋಡಿದರು. ಕಾಫಿ ಕುಡೀತಾ ಅಪ್ಪನಿಗೆ ಕೇಳಿದರು, "ಭಾವ, ನೀವು ಸ್ನಾನ ಮಾಡಿ ಬಿಟ್ಟ ನೀರಲ್ಲಿ ನಮ್ಮ ಬೋರು ತುಂಬ್ತು. ನಿಮ್ಮ ಮನೆ ಮೇಲೆ ಬೀಳೋ ನೀರನ್ನ ನೀವೇನು ಮಾಡ್ತೀರಿ?"

ಅಪ್ಪ ನನ್ನ ಮುಖ ನೋಡಿದರು. ನಾನು ಅಪ್ಪನ ಮುಖ ನೋಡಿದೆ. ಆ ಭಾನುವಾರವೇ ವಿಚಾರಿಸೋಕೆ ಶುರು ಮಾಡಿದೆವು.

ಇದರಲ್ಲಿ ಮೊದಲು ದಾರಿ ಮಾಡಿದವರು ಬಹಳ ಜನ ಇದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿದ್ದ ಎ.ಆರ್. ಶಿವಕುಮಾರ್ ಅವರು ವಿಜಯನಗರದ ತಮ್ಮ ಮನೆಯಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಮಳೆ ನೀರಿನಲ್ಲೇ ಸಂಸಾರ ಮಾಡಿ ತೋರಿಸಿದವರು. ವಿಜಯನಗರ ನಮಗೆ ಬಸ್ಸಲ್ಲಿ ಸ್ವಲ್ಪವೇ ದೂರ. ಬಾವಿ ವಿಷಯಕ್ಕೆ ಬಂದರೆ ಎಸ್. ವಿಶ್ವನಾಥ್ ಮತ್ತು ಬಯೋಮ್ ಟ್ರಸ್ಟ್. ಬೆಂಗಳೂರಿಗೆ ಹತ್ತು ಲಕ್ಷ ಇಂಗುಬಾವಿ ಬೇಕು ಅಂತ ಹೊರಟವರು. ಅವರ ಜೊತೆ ಕೆಲಸ ಮಾಡೋರು ಮಣ್ಣು ವಡ್ಡರು. ತಲೆಮಾರುಗಳಿಂದ ಬಾವಿ ತೋಡಿಕೊಂಡು ಬಂದವರು. ಸರ್ಜಾಪುರದ ಕಡೆ ಭೋವಿಪಾಳ್ಯದಲ್ಲಿ ಇವರ ಮನೆಗಳಿವೆ. ಬೋರ್‌ವೆಲ್ ಬಂದಮೇಲೆ ಇವರ ಕೆಲಸ ಹೋಗಿತ್ತು. ಈಗ ಮತ್ತೆ ಜನ ಹುಡುಕಿಕೊಂಡು ಹೋಗ್ತಿದ್ದಾರೆ. ಕಬ್ಬನ್ ಪಾರ್ಕಿನಲ್ಲಿ ಹೂಳು ತುಂಬಿ ಮರೆತೇ ಹೋಗಿದ್ದ ಏಳು ಹಳೇ ಬಾವಿಗಳನ್ನು ಇವರೇ ಮತ್ತೆ ತೆರೆದು ನೀರು ಕಾಣಿಸಿದವರು.

ನಮ್ಮ ಮನೆಗೆ ನಾಲ್ಕು ಜನ ಬಂದರು. ಅದರಲ್ಲಿ ಹಿರಿಯರೊಬ್ಬರು, ಅಪ್ಪನ ವಯಸ್ಸಿಗೆ ಹತ್ತು ವರ್ಷ ಕಮ್ಮಿ ಇರಬಹುದು. ಗೇಟಿನ ಒಳಗೆ ಬಂದು ನೆಲ ನೋಡಿದರು. ಪಾಯದಿಂದ ದೂರ, ಛೇಂಬರ್‌ನಿಂದ ದೂರ ಅಂತ ಹೆಜ್ಜೆಯಲ್ಲೇ ಅಳೆದು ಗೇಟಿನ ಎಡ ಮೂಲೆಗೆ ಹಾರೆ ಊರಿದರು. "ಅಮ್ಮ, ಒಂದು ತೆಂಗಿನಕಾಯಿ ಕೊಡಿ," ಅಂದರು. ಕಾಯಿ ಒಡೆದು, ಕರ್ಪೂರ ಹಚ್ಚಿ, ಗಂಗಮ್ಮನಿಗೆ ಕೈ ಮುಗಿದು ಶುರು ಮಾಡಿದರು.

ಅಗೆಯೋದು ನೋಡಬೇಕು ನೀವು. ನಾಲ್ಕಡಿ ಅಗಲದ ಗುಂಡಿ. ಒಳಗೆ ಒಬ್ಬರಿಗೇ ಜಾಗ. ಮಾಮೂಲಿ ಗುದ್ದಲಿ ಬೀಸೋಕಾಗಲ್ಲ. ಕಾವು ಅರ್ಧ ಕತ್ತರಿಸಿದ ಪುಟ್ಟ ಗುದ್ದಲಿ ಹಿಡಿದು, ಕುಕ್ಕರಗಾಲಲ್ಲಿ ಕೂತು, ತಮ್ಮ ಸುತ್ತ ತಾವೇ ತಿರುಗುತ್ತಾ ಅಗೀತಾರೆ. ಮೇಲಿನಿಂದ ಹಗ್ಗ ಕಟ್ಟಿದ ಬಕೆಟ್ ಇಳಿಯುತ್ತೆ, ಮಣ್ಣು ತುಂಬಿ ಮೇಲೆ ಬರುತ್ತೆ. ಇಳಿಯೋಕೆ ಏಣಿ ಇಲ್ಲ. ಗೋಡೆಯಲ್ಲಿ ಎದುರುಬದುರು ಕಾಲಿಡುವಷ್ಟು ಚಿಕ್ಕ ಚಿಕ್ಕ ಗೂಡು ಕೊರೆದಿರ್ತಾರೆ. ಅದರಲ್ಲಿ ಹೆಬ್ಬೆರಳು ಊರಿ ಮೇಲೆ ಬಂದುಬಿಡ್ತಾರೆ. ಮೊದಲು ನಮ್ಮ ಮನೆ ಕಟ್ಟಿದಾಗಿನ ಇಟ್ಟಿಗೆ ಚೂರು, ಸಿಮೆಂಟ್ ಚೀಲದ ತುಂಡು ಬಂತು. ಆಮೇಲೆ ಕೆಂಪು ಮಣ್ಣು. ಎಂಟು ಅಡಿಗೆ ಗರಸು. ಹದಿನಾಲ್ಕು ಅಡಿಗೆ ಒಳಗಿದ್ದವರು ಒಂದು ಹಿಡಿ ಮಣ್ಣು ಮೇಲೆ ಕಳಿಸಿದರು. ಹಿರಿಯರು ಅದನ್ನು ಮುಷ್ಟಿಯಲ್ಲಿ ಅಮುಕಿ ಬಿಟ್ಟರು. ಮಣ್ಣು ಉಂಡೆಯಾಗೇ ನಿಂತಿತು, ಉದುರಲಿಲ್ಲ. ಮೂಗಿಗೆ ಹಿಡಿದು, ಆಮೇಲೆ ಅಪ್ಪನ ಕೈಗಿಟ್ಟರು. "ತಂಪೈತೆ ಸ್ವಾಮಿ. ಕುಡಿಯೋ ಮಣ್ಣು ಇದು. ಎಷ್ಟು ಕೊಟ್ರೂ ಕುಡಿಯುತ್ತೆ."

ಮೇ ತಿಂಗಳ ಬಿಸಿಲು. ಏಪ್ರಿಲ್ ಪೂರ್ತಿ ಬೆಂಗಳೂರಿಗೆ ಒಂದು ಹನಿ ಬಿದ್ದಿರಲಿಲ್ಲ, ನಾಲ್ಕು ದಶಕದಲ್ಲಿ ಮೊದಲ ಸಲ. ಅಂಥ ಹೊತ್ತಲ್ಲಿ ಆ ಮಣ್ಣು ಹಾಗೆ ತಣ್ಣಗಿತ್ತು. ಅಪ್ಪ ಆ ಉಂಡೆಯನ್ನು ತುಳಸಿ ಕಟ್ಟೆ ಮೇಲೆ ಇಟ್ಟರು.

ಮೂರು ದಿನಕ್ಕೆ 20 ಅಡಿ ಆಯಿತು. 3 ಅಡಿ ಅಗಲದ ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿದರು. ಕೆಳಗಿನವಕ್ಕೆ ತೂತುಗಳಿವೆ. ರಿಂಗಿಗೂ ಮಣ್ಣಿಗೂ ನಡುವಿನ ಸಂದಿಗೆ ಜಲ್ಲಿ. ಒಳಗೆ ಏನೂ ತುಂಬಿಲ್ಲ. ಹಳೇ ಇಂಗುಗುಂಡಿಗಳಿಗೆ ಕಲ್ಲು, ಮರಳು ತುಂಬಿಸ್ತಿದ್ದರು, ಹೂಳು ಕಟ್ಟಿಕೊಂಡರೆ ತೆಗೆಯೋಕಾಗ್ತಿರಲಿಲ್ಲ. ಇದು ಖಾಲಿ ಇರೋದರಿಂದ ಇಳಿದು ಸ್ವಚ್ಛ ಮಾಡಬಹುದು. ಮೇಲೆ ಚಪ್ಪಡಿ, ಅದಕ್ಕೊಂದು ಬೀಗ ಹಾಕುವ ಮುಚ್ಚಳ. ಮಕ್ಕಳಿರೋ ಮನೆಯವರು ಇದರಲ್ಲಿ ಮಾತ್ರ ಒಂಚೂರೂ ಉದಾಸೀನ ಮಾಡಬೇಡಿ.

ತಾರಸಿಯ ಎರಡು ಪೈಪನ್ನೂ ಛೇಂಬರ್‌ನಿಂದ ಬಿಡಿಸಿ ಒಂದು ಮಾಡಿಸಿದೆವು. ಮೊದಲ ಮಳೆಯ ಕೊಳೆ ನೀರು ಹೊರಗೆ ಹೋಗೋಕೆ ಕೆಳಗೊಂದು ಮುಚ್ಚಳದ ಪೈಪ್. ಆಮೇಲೆ ಫಿಲ್ಟರ್. ಅಲ್ಲಿಂದ ಸಂಪು. ಸಂಪು ತುಂಬಿದರೆ ಮಿಕ್ಕಿದ್ದು ಬಾವಿಗೆ. ಎಲ್ಲಾ ಸೇರಿ 52,000 ರೂಪಾಯಿ ಆಯಿತು. ಸಣ್ಣ ಮೊತ್ತ ಅಲ್ಲ, ನನ್ನ ಚೀಟಿ ದುಡ್ಡು ಹೋಯಿತು. ಪೈಪ್ ಜೋಡಿಸುವ ದಿನ ಅಪ್ಪ ಬೆಳಗ್ಗೆಯಿಂದ ಕುರ್ಚಿ ಹಾಕಿಕೊಂಡು ಪ್ಲಂಬರ್ ಪಕ್ಕದಲ್ಲೇ ಕೂತಿದ್ದರು. ಹಳೇ ಪೈಪನ್ನು ಕತ್ತರಿಸಿ ಛೇಂಬರ್‌ನ ತೂತಿಗೆ ಸಿಮೆಂಟ್ ಮೆತ್ತಿದ ಮೇಲೇ ಎದ್ದು ಒಳಗೆ ಹೋದರು.

ಜೂನ್ 2, ಭಾನುವಾರ. ಸಂಜೆ ಕಪ್ಪಾಯಿತು. ಬಂತು ನೋಡಿ. ಆವತ್ತು ನಗರದಲ್ಲಿ 111 ಮಿಲಿಮೀಟರ್ ಮಳೆ ಅಂತ ಆಮೇಲೆ ಪೇಪರಿನಲ್ಲಿ ಓದಿದೆ. ಜೂನ್ ತಿಂಗಳ ಒಂದೇ ದಿನದ ಮಳೆಯಲ್ಲಿ 1891ರ ದಾಖಲೆ ಮುರಿದಿತ್ತು. ನಮ್ಮ ತಾರಸಿಗೆ ಅಷ್ಟೇ ಬಿದ್ದಿದ್ದರೆ 9,000 ಲೀಟರ್ ದಾಟಿದ ಲೆಕ್ಕ. ಅರ್ಧ ಗಂಟೆಯಲ್ಲೇ ಸಂಪು ತುಂಬಿತು. ಕರೆಂಟ್ ಹೋಯಿತು. ಮಗ ಮೊಬೈಲ್ ಟಾರ್ಚ್ ಹಿಡಿದ, ನಾನು ಕೊಡೆ. ಅಪ್ಪ ಬಾಗಿಲ ಹಿಂದಿನಿಂದ ಕೀಲಿ ತಂದರು. ಒಂದು ತುದಿ ಬಾವಿಯ ಚಪ್ಪಡಿಗೆ ಊರಿ ಕಿವಿ ಕೊಟ್ಟರು. ಅವರಿಗೆ ಈಗ ಕಿವಿ ಸ್ವಲ್ಪ ಮಂದ. ತಲೆ ಅಲ್ಲಾಡಿಸಿ ನನ್ನ ಕಡೆ ಚಾಚಿದರು.

ಕಿವಿಗೆ ಹಿಡಿದೆ. ಮೊದಲು ಮಳೆಯ ಸದ್ದೇ. ಆಮೇಲೆ ಕೆಳಗಿನಿಂದ ಒಂದು ದಪ್ಪ ಸದ್ದು, ಹಂಡೆಗೆ ನೀರು ಸುರಿದ ಹಾಗೆ. "ಬೀಳ್ತಿದೆ ಅಪ್ಪ," ಅಂತ ಕೂಗಿ ಹೇಳಿದೆ. ಅವರು ಮ್ಯಾನ್‌ಹೋಲ್ ಕಡೆ ಕೈ ತೋರಿಸಿದರು. ಅದು ಉಕ್ಕುತ್ತಿತ್ತು, ಬೇರೆ ಮನೆಗಳ ನೀರು. "ಅದರಲ್ಲಿ ನಮ್ಮದಿಲ್ಲ," ಅಂದರು.

ಮಾರನೇ ದಿನ ಅಪ್ಪ ಒಂದು ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿದರು. ಬಾವಿಗೆ ಇಳಿಸಿ ಎತ್ತಿ, ಎಷ್ಟು ಗಂಟು ಒದ್ದೆ ಅಂತ ಎಣಿಸಿ, ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಚೌಕದಲ್ಲಿ ಬರೆದರು. ಹನ್ನೆರಡು. ಮಾರನೇ ದಿನ ಏಳು. ಅದರ ಮಾರನೇ ದಿನ ಎರಡು. ನನಗೆ ಬೇಜಾರಾಯಿತು, ನೀರು ನಿಲ್ಲಲೇ ಇಲ್ಲವಲ್ಲ ಅಂತ. ಅಪ್ಪ ಹೇಳಿದರು, "ನಿಂತರೆ ಕೆಟ್ಟಿದೆ ಅಂತ. ಇಳಿದರೆ ಕೆಲಸ ಮಾಡ್ತಿದೆ ಅಂತ."

ಎಲ್ಲರೂ ಕೇಳೋ ಪ್ರಶ್ನೆಗೆ ನೇರವಾಗಿ ಉತ್ತರ ಕೊಡ್ತೀನಿ. ಇಲ್ಲ, ನಮ್ಮ ಬೋರ್‌ವೆಲ್‌ನಲ್ಲಿ ಇನ್ನೂ ನೀರು ಬಂದಿಲ್ಲ. ಅದು 850 ಅಡಿ ಕೆಳಗೆ, ಬಂಡೆಯ ಬಿರುಕಿನಲ್ಲಿ ನೀರು ಹುಡುಕಿಕೊಂಡು ಹೋದದ್ದು. ನಾವು ಇಳಿಸ್ತಿರೋದು ಮೇಲಿನ ಮಣ್ಣಿನ ಪದರಕ್ಕೆ. ಒಂದು ಮನೆಯ ನೀರು ಅಷ್ಟು ಕೆಳಗೆ ತಲುಪಿ ಬೋರು ತುಂಬುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇಡೀ ರಸ್ತೆ, ಇಡೀ ಬಡಾವಣೆ ಇಳಿಸಬೇಕು, ವರ್ಷಗಟ್ಟಲೆ ಇಳಿಸಬೇಕು. ಆದರೆ ಮಳೆಗಾಲದಲ್ಲಿ ಸಂಪಿಗೆ ಬರೋ ನೀರಿನಿಂದ ಬಟ್ಟೆ, ಪಾತ್ರೆ, ನೆಲ, ಗಿಡ ಎಲ್ಲಾ ಆಗುತ್ತೆ. 2025ರ ಏಪ್ರಿಲ್‌ನಿಂದ ನೀರಿನ ದರವನ್ನೂ ಹೆಚ್ಚಿಸಿದರು, ಹನ್ನೊಂದು ವರ್ಷದ ಮೇಲೆ. ಆದರೂ ಮಳೆ ತಿಂಗಳ ಬಿಲ್ಲು ನಮಗೆ ಮೊದಲಿಗಿಂತ ಕಮ್ಮಿಯೇ ಬಂದಿದೆ.

2025ರ ಮೇ ತಿಂಗಳಲ್ಲಿ ಎರಡು ದಿನದ ಮಳೆಗೆ ಬೆಂಗಳೂರಿನ ಸಾಯಿ ಲೇಔಟ್ ಮುಳುಗಿತು. ಜನರನ್ನು ಟ್ರ್ಯಾಕ್ಟರ್, ದೋಣಿಗಳಲ್ಲಿ ಕರೆದುಕೊಂಡು ಬಂದರು. ಅದರ ಹಿಂದಿನ ವರ್ಷ ಅದೇ ಹೊತ್ತಿಗೆ ಇದೇ ಊರು ನೀರಿಲ್ಲ ಅಂತ ಅಳ್ತಿತ್ತು. ಟಿವಿಯಲ್ಲಿ ಅದನ್ನು ನೋಡುವಾಗ ಅಪ್ಪ, "ಅಷ್ಟೂ ನೀರಿಗೆ ಇಳಿಯೋಕೆ ಜಾಗ ಕೊಟ್ಟಿಲ್ಲ ನಾವು," ಅಂದರು. ರಾಜಕಾಲುವೆ ಸರಿ ಮಾಡೋದು ನಗರಾಡಳಿತದ ಕೆಲಸ, ಅದನ್ನು ಅವರೇ ಮಾಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕಾಲುವೆಗೆ ಹೋಗೋ ನೀರಿನ ಮೊದಲ ಬಾಯಿ ನಮ್ಮ ತಾರಸಿಯ ಪೈಪು. ಅದರ ಕೀಲಿ ಯಾವ ಕಚೇರಿಯಲ್ಲೂ ಇಲ್ಲ.

ಮೂಲೆಮನೆ ಆಂಟಿ ಹೋದ ತಿಂಗಳು ಬಾವಿ ತೆಗೆಸಿದರು. ಅದೇ ಹಿರಿಯರು ಬಂದಿದ್ದರು. ಅಪ್ಪ ಅಲ್ಲಿಗೂ ಕುರ್ಚಿ ತಗೊಂಡು ಹೋಗಿ ಕೂತಿದ್ದರು, ಮೂರು ದಿನ. ಎದುರು ಮನೆಯವರು ಪೈಪ್ ಮಾತ್ರ ಛೇಂಬರ್‌ನಿಂದ ಬಿಡಿಸಿ ಎರಡು ಡ್ರಮ್ಮಿಗೆ ಕೊಟ್ಟಿದ್ದಾರೆ, ಬಾವಿಗೆ ಜಾಗ ಇಲ್ಲ. ಅದೂ ಆಗುತ್ತೆ. 20x30ರಲ್ಲಿ ಇರೋರು ಹಾಗೇ ಮಾಡಿ.

ನಿನ್ನೆ ರಾತ್ರಿ ಮತ್ತೆ ಮಳೆ ಬಂತು. ಬೆಳಗ್ಗೆ ನಾನು ಡಬ್ಬಿ ಕಟ್ಟುತ್ತಿದ್ದಾಗ ಅಪ್ಪ ಹಗ್ಗ ಹಿಡಿದು ಒಳಗೆ ಬಂದರು. ಕ್ಯಾಲೆಂಡರಿನಲ್ಲಿ ಬರೆಯೋಕೆ ಪೆನ್ನು ಹುಡುಕಿದರು. ಒಂಬತ್ತು ಗಂಟು ಒದ್ದೆ.